ಹಳೇ ಟ್ರ್ಯಾಕ್ಟರಿನ ತುಕ್ಕು: ಮನೆಯಲ್ಲೋ, ಬ್ಲಾಸ್ಟಿಂಗ್ ಶೆಡ್ಡಿನಲ್ಲೋ?

ಹಳೇ ಟ್ರ್ಯಾಕ್ಟರ್ ಬಿಚ್ಚಿ ಹರವಿಕೊಂಡವರ ಅಂಗಳದಲ್ಲಿ ಒಂದು ಮಾತು ಬಂದೇ ಬರುತ್ತದೆ. ಎಂಜಿನ್ ಕೆಲಸ ಒಂದು ಹದಕ್ಕೆ ಬಂದಿದೆ, ಟಯರಿಗೆ ದುಡ್ಡು ಹೊಂದಿಸಿದ್ದಾಗಿದೆ, ಯಾವ ಬಣ್ಣ ಅನ್ನುವುದೂ ತೀರ್ಮಾನವಾಗಿದೆ. ಮೇಸ್ತ್ರಿ ರಿಮ್ಮಿನ ಮೇಲೆ ಸ್ಕ್ರೂಡ್ರೈವರ್ ತುದಿ ಎಳೆದು, ಹಕ್ಕಳೆ ಹಕ್ಕಳೆಯಾಗಿ ಏಳುವ ತುಕ್ಕು ತೋರಿಸುತ್ತಾನೆ. "ಇದ್ರ ಮೇಲೆ ಪೇಂಟ್ ಹೊಡೆದ್ರೆ ಒಂದು ಮಳೆಗಾಲ ನಿಲ್ಲಲ್ಲ ಅಣ್ಣ, ಬ್ಲಾಸ್ಟ್ ಮಾಡಿಸ್ಬಿಡಿ." ಮಾಲೀಕರ ಉತ್ತರವೂ ಸಿದ್ಧವಾಗಿರುತ್ತದೆ. "ಮಾಡ್ಸೋದ್ಯಾಕೆ? ಕಂಪ್ರೆಸರ್ ಮನೇಲೇ ಇದೆ. ಹಿತ್ತಲಲ್ಲಿ ಮರಳು ಬಿದ್ದಿದೆ. ಗನ್ ಒಂದು ತರಿಸಿದ್ರೆ ಆಯ್ತು."

ಈ ಉತ್ತರದಲ್ಲಿ ಎರಡು ಲೆಕ್ಕ ತಪ್ಪಿವೆ. ಒಂದು ಗಾಳಿಯದು, ಇನ್ನೊಂದು ಮರಳಿನದು. ಮೊದಲನೆಯದು ತಪ್ಪಿದರೆ ಹೋಗುವುದು ದುಡ್ಡು ಮತ್ತು ಹೊತ್ತು. ಎರಡನೆಯದು ತಪ್ಪಿದರೆ ಶ್ವಾಸಕೋಶ.

ನಮ್ಮಲ್ಲಿ ಹೀಗೆ ಎರಡನೇ ಜನ್ಮ ಪಡೆಯುವ ಟ್ರ್ಯಾಕ್ಟರುಗಳು ಒಂದು ಕಾಲಘಟ್ಟದವು. ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಜೊತೆ ಸೇರಿ 1963ರಲ್ಲಿ ಕಂಪನಿ ಕಟ್ಟಿ ಹೊರತಂದ ಬಿ-275, ಮಾಸಿ ಫರ್ಗುಸನ್ 1035, ಫೋರ್ಡ್ 3000, ಎಚ್‌ಎಂಟಿ ಜೀಟರ್. ಎಚ್‌ಎಂಟಿ ಅಂದರೆ ಬೆಂಗಳೂರಿನವರಿಗೆ ಜಾಲಹಳ್ಳಿಯ ಕೈಗಡಿಯಾರ. ಅದೇ ಸಂಸ್ಥೆ ಚೆಕೊಸ್ಲೊವಾಕಿಯಾದ ಜೀಟರ್ ತಂತ್ರಜ್ಞಾನ ತಂದು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರುಮಾಡಿತು. ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮುಚ್ಚಿದ ಕಾರ್ಖಾನೆಯ ಎರಕದ ಭಾಗವೊಂದನ್ನು ಬ್ಲಾಸ್ಟಿಂಗಿನಲ್ಲಿ ಹಾಳು ಮಾಡಿಕೊಂಡರೆ ಇನ್ನೊಂದಕ್ಕೆ ಗುಜರಿಯವರ ಮನೆ ಬಾಗಿಲು ಕಾಯಬೇಕು. ಅದೂ ಸಿಕ್ಕರೆ.

ಬ್ಲಾಸ್ಟಿಂಗ್ ಅಂದರೆ ಇಷ್ಟೇ: ಗಟ್ಟಿ ಕಾಳುಗಳನ್ನು ಒತ್ತಡದ ಗಾಳಿಯಲ್ಲಿ ತೂರಿ, ಅವು ಬಡಿದ ಏಟಿಗೆ ತುಕ್ಕೂ ಬಣ್ಣವೂ ಕಿತ್ತು ಬರುವಂತೆ ಮಾಡುವುದು. ಅಮೆರಿಕದ ಫಿಲಡೆಲ್ಫಿಯಾದ ಬೆಂಜಮಿನ್ ಟಿಲ್ಗ್‌ಮನ್ ಇದಕ್ಕೆ 1870ರಲ್ಲಿ ಪೇಟೆಂಟ್ ಪಡೆದ. ಮರದ ತಿರುಳಿನಿಂದ ಕಾಗದ ಮಾಡುವ ಸಲ್ಫೈಟ್ ವಿಧಾನದಲ್ಲೂ ಇದೇ ಮನುಷ್ಯನ ಹೆಸರಿದೆ. ಬ್ಲಾಸ್ಟಿಂಗಿನ ಹೆಚ್ಚುಗಾರಿಕೆ ಬರೀ ತುಕ್ಕು ತೆಗೆಯುವುದರಲ್ಲಿಲ್ಲ. ಕಾಳು ಬಡಿದಲ್ಲೆಲ್ಲ ಲೋಹದ ಮೈ ಕೂದಲೆಳೆಗಿಂತ ಸಣ್ಣ ಏರುತಗ್ಗುಗಳಾಗಿ ಒರಟಾಗುತ್ತದೆ. ಪ್ರೈಮರ್ ಆ ತಗ್ಗುಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ವೈರ್ ಬ್ರಷ್ಷಿನಲ್ಲಿ ತಿಕ್ಕಿದ ಕಬ್ಬಿಣ ಫಳಫಳ ಹೊಳೆದರೂ ಅಂಥ ಹಿಡಿತ ಕೊಡುವುದಿಲ್ಲ, ಗುಳಿಯೊಳಗಿನ ತುಕ್ಕನ್ನೂ ಮುಟ್ಟುವುದಿಲ್ಲ. ಮೇಸ್ತ್ರಿಯ ಮಾತು ಸರಿಯೇ ಇದೆ.

ಇನ್ನು ಗಾಳಿಯ ಲೆಕ್ಕ. ಕಂಪ್ರೆಸರಿನ ಮೀಟರು ತೋರಿಸುವ ಒತ್ತಡ ನೋಡಿ ಜನ ಮೋಸಹೋಗುತ್ತಾರೆ. ನೂರು ಪಿಎಸ್‌ಐ ಇದೆಯಲ್ಲ, ಇನ್ನೇನು ಬೇಕು ಅಂತ. ಬ್ಲಾಸ್ಟಿಂಗಿಗೆ ಬೇಕಾದ್ದು ಒತ್ತಡದ ಜೊತೆಗೆ ನಿಲ್ಲದ ಹರಿವು. ಓವರ್‌ಹೆಡ್ ಟ್ಯಾಂಕು ತುಂಬಿದ್ದರೇನು, ಬೋರಿನಲ್ಲಿ ಅರ್ಧ ಇಂಚು ನೀರಿದ್ದರೆ ತೋಟಕ್ಕೆ ಸಾಲುತ್ತದೆಯೇ? ಹಾಗೆ. ಒಂದು ಎಚ್‌ಪಿ ಮೋಟಾರಿಗೆ ನಿಮಿಷಕ್ಕೆ ಸುಮಾರು ನಾಲ್ಕು ಘನ ಅಡಿ ಗಾಳಿ ಅನ್ನುವುದು ಕೆಲಸದವರ ಅಂದಾಜು. ಪಂಕ್ಚರ್ ಅಂಗಡಿಯ ಎರಡು ಎಚ್‌ಪಿ ಕಂಪ್ರೆಸರು ಕೊಡುವುದು ಎಂಟು ಘನ ಅಡಿ. ಬ್ಲಾಸ್ಟಿಂಗ್ ನಾಜಲ್‌ಗಳಲ್ಲಿ ತೀರ ಚಿಕ್ಕದಾದ, ಎಂಟನೇ ಒಂದು ಇಂಚಿನ ತೂತು 80 ಪಿಎಸ್‌ಐನಲ್ಲಿ ಕುಡಿಯುವುದೇ 17 ಘನ ಅಡಿ. ರಿಮ್ಮು, ಆಕ್ಸಲ್ ಕೆಲಸಕ್ಕೆ ಒಂದಿಷ್ಟು ವೇಗ ಬೇಕೆಂದು ಕಾಲಿಂಚಿನ ನಾಜಲ್ ಹಾಕಿದರೆ ನೂರು ಪಿಎಸ್‌ಐನಲ್ಲಿ 81 ಘನ ಅಡಿ, ಅಂದರೆ ಇಪ್ಪತ್ತು ಎಚ್‌ಪಿ ಆಸುಪಾಸಿನ ಯಂತ್ರ.

ಹಾಗಾಗಿ ಮನೆಯಲ್ಲಿ ಏನಾಗುತ್ತದೆ ಅಂದರೆ, ಒಂದರ್ಧ ನಿಮಿಷ ಗನ್ನು ಭರ್ರೆಂದು ಹೊಡೆಯುತ್ತದೆ. ಆಮೇಲೆ ಟ್ಯಾಂಕಿನ ಒತ್ತಡ ಇಳಿದು ಕಾಳು ಉದುರುತ್ತದೆಯೇ ಹೊರತು ಬಡಿಯುವುದಿಲ್ಲ. ಕಾಯಬೇಕು. ಮತ್ತೆ ಅರ್ಧ ನಿಮಿಷ. ಒಂದು ಹಿಂದಿನ ಚಕ್ರದ ರಿಮ್ಮು ಮುಗಿಸುವಷ್ಟರಲ್ಲಿ ಕಂಪ್ರೆಸರಿನ ಹೆಡ್ಡು ಕಾದು ಎಣ್ಣೆ ವಾಸನೆ ಹೊಡೆಯುತ್ತಿರುತ್ತದೆ. ನಾಜಲ್ ಸವೆಯುವುದು ಬೇರೆ. ತೂತು ಒಂದಿಂಚಿನ ಹದಿನಾರನೇ ಒಂದು ಭಾಗದಷ್ಟು ಅಗಲವಾದರೂ ಗಾಳಿಯ ಖರ್ಚು ಹೆಚ್ಚೂಕಮ್ಮಿ ದುಪ್ಪಟ್ಟು. ಕೆಲವರು ಪಂಪ್‌ಸೆಟ್ಟಿನ ತ್ರೀಫೇಸ್ ಲೈನಿಗೆ ದೊಡ್ಡ ಮೋಟಾರು ತಗುಲಿಸುವ ಯೋಚನೆ ಮಾಡುತ್ತಾರೆ. ಆ ಕರೆಂಟು ಸರ್ಕಾರ ನೀರೆತ್ತಲು ಕೊಟ್ಟದ್ದು. ಲೈನ್‌ಮನ್ ಕಣ್ಣಿಗೆ ಬೀಳದಿದ್ದರೂ ಅದು ಸರಿಯಲ್ಲ.

ತೇವ ಇನ್ನೊಂದು ಕಾಟ. ಒತ್ತಿದ ಗಾಳಿ ತಣ್ಣಗಾದಾಗ ಅದರೊಳಗಿನ ನೀರು ಬೇರ್ಪಡುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಜುಲೈ ತಿಂಗಳಲ್ಲಿ ಗನ್ನು ಹಿಡಿದು ನೋಡಿ, ಹಾಪರಿನಲ್ಲಿ ಕಾಳು ಹೆಪ್ಪುಗಟ್ಟಿ ನಿಲ್ಲುತ್ತದೆ. ಬ್ಲಾಸ್ಟ್ ಆದ ಕಬ್ಬಿಣವಂತೂ ಮೈಮೇಲೆ ಏನೂ ಇಲ್ಲದೆ ನಿಂತಿರುತ್ತದೆ, ಅಂಥ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೇಸರಿ ಛಾಯೆ ಹತ್ತುತ್ತದೆ. ಗಾಳಿಯ ತೇವಾಂಶ ಶೇ 85 ದಾಟಿದ್ದರೆ ಬ್ಲಾಸ್ಟಿಂಗ್, ಪೇಂಟಿಂಗ್ ಎರಡನ್ನೂ ಮಾಡಬಾರದು ಅನ್ನುವುದು ಈ ಕಸುಬಿನ ಸಾಮಾನ್ಯ ನಿಯಮ.

ಇಷ್ಟೆಲ್ಲ ಆದರೂ ಗಾಳಿಯ ತೊಂದರೆ ದುಡ್ಡು ಸುರಿದರೆ ನೀಗುವಂಥದ್ದು. ಮರಳಿನದು ಹಾಗಲ್ಲ.

ಹೊಳೆಮರಳಿನ ಬಹುಪಾಲು ಬೆಣಚುಕಲ್ಲಿನ ಚೂರು, ಅಂದರೆ ಸಿಲಿಕಾ. ಮನೆ ಕಟ್ಟುವಾಗ ಬೊಗಸೆಯಲ್ಲಿ ಹಿಡಿದ ಮರಳು ಯಾರಿಗೂ ಏನೂ ಮಾಡುವುದಿಲ್ಲ, ಅದರ ಕಾಳು ಮೂಗಿನೊಳಗೆ ದೂರ ಹೋಗಲಾರದಷ್ಟು ದಪ್ಪ. ಅದೇ ಕಾಳು ನಾಜಲ್‌ನಿಂದ ಹಾರಿ ಕಬ್ಬಿಣಕ್ಕೆ ಬಡಿದಾಗ ನುಚ್ಚುನೂರಾಗುತ್ತದೆ. ಆ ಪುಡಿಯಲ್ಲಿ ಒಂದು ಭಾಗ ಐದು ಮೈಕ್ರಾನಿಗಿಂತ ಸಣ್ಣದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಷ್ಟು ಸಣ್ಣ ದೂಳು ಕಣ್ಣಿಗೆ ಕಾಣುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ, ಶ್ವಾಸಕೋಶದ ಕೊನೆಯ ಗಾಳಿಚೀಲಗಳ ತನಕ ಇಳಿಯುತ್ತದೆ. ಅಲ್ಲಿ ಅದನ್ನು ನುಂಗಲು ಬಂದ ರಕ್ಷಕ ಜೀವಕೋಶಗಳೇ ಸಾಯುತ್ತವೆ, ಆ ಜಾಗ ಗಾಯದ ಕಲೆಯಂತೆ ಬಿಗಿದು ಗಂಟಾಗುತ್ತದೆ. ಆಗತಾನೇ ಒಡೆದ ಸಿಲಿಕಾದ ಅಂಚು ಹಳೇ ದೂಳಿಗಿಂತ ಹೆಚ್ಚು ವಿಷಕಾರಿ. ಬ್ಲಾಸ್ಟಿಂಗಿನಲ್ಲಿ ಹುಟ್ಟುವುದೆಲ್ಲ ಆಗತಾನೇ ಒಡೆದದ್ದೇ.

ಕಾಯಿಲೆಯ ಹೆಸರು ಸಿಲಿಕೋಸಿಸ್. ಇದನ್ನು ವಾಸಿಮಾಡುವ ಔಷಧಿ ಇಲ್ಲ. ಕಲ್ಲುಗಣಿಯವರಲ್ಲಿ ಹತ್ತಾರು ವರ್ಷಕ್ಕೆ ಕಾಣಿಸಿಕೊಳ್ಳುವ ಇದು, ದೂಳು ವಿಪರೀತವಾದ ಬ್ಲಾಸ್ಟಿಂಗಿನಲ್ಲಿ ಕೆಲವೇ ವರ್ಷಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲೇ ಹಿಡಿದದ್ದುಂಟು. ಕ್ಷಯ ಹಿಡಿಯುವ ಸಂಭವವೂ ಏರುತ್ತದೆ. ಉಸಿರಲ್ಲಿ ಸೇರುವ ಸ್ಫಟಿಕ ಸಿಲಿಕಾ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಮೊದಲ ಗುಂಪಿಗೇ ಸೇರಿಸಿದೆ. ಮಧ್ಯಪ್ರದೇಶದ ಮಂದ್‌ಸೌರ್‌ನಲ್ಲಿ ನಾವು ಬರೆದ ಬಳಪ ಕೊಯ್ಯುತ್ತಿದ್ದವರು ಇದೇ ರೋಗಕ್ಕೆ ಬಲಿಯಾದರು. ಟರ್ಕಿಯಲ್ಲಿ ಜೀನ್ಸ್ ಪ್ಯಾಂಟಿಗೆ ಹಳತಿನ ಕಳೆ ತರಲು ಮರಳು ಹೊಡೆಯುತ್ತಿದ್ದ ಹುಡುಗರು ಸಾಲುಸಾಲಾಗಿ ಹಾಸಿಗೆ ಹಿಡಿದ ಮೇಲೆ 2009ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿದರು. ಬ್ರಿಟನ್ನು ಎರಕದ ಸಾಮಾನಿಗೆ ಮರಳು ಹೊಡೆಯುವುದನ್ನು ತಡೆಯುವ ನಿಯಮ ಮಾಡಿದ್ದು 1949ರಲ್ಲೇ. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಅನುಸೂಚಿಯಲ್ಲೂ ಸಿಲಿಕೋಸಿಸ್ ಇತ್ತು: ಕಂಡರೆ ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿ. ಕಾನೂನಿಗೆ ಗೊತ್ತಿರುವುದು ಹಿತ್ತಲಿಗೆ ಗೊತ್ತಿಲ್ಲ.

ಒಂದು ದಿನ ಮರಳು ಹೊಡೆದ ಮಾತ್ರಕ್ಕೆ ಸಿಲಿಕೋಸಿಸ್ ಬಂದೇಬಿಡುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಹಿತ್ತಲಿನಲ್ಲಿ ಈ ಕೆಲಸಕ್ಕೆ ಇರುವ ರಕ್ಷಣೆ ಏನು? ಮುಖಕ್ಕೊಂದು ಟವೆಲ್ಲು. ಬಹಳವಾದರೆ ಕೊರೊನಾ ಕಾಲದ ಮಾಸ್ಕು. ಬ್ಲಾಸ್ಟಿಂಗಿನ ದೂಳಿನೆದುರು ಎರಡೂ ಒಂದೇ. ಬೇಕಾದ್ದು ತಲೆ, ಭುಜ ಮುಚ್ಚುವ, ಹೊರಗಿನಿಂದ ಶುದ್ಧ ಗಾಳಿ ಪೈಪಿನಲ್ಲಿ ಬರುವ ಹುಡ್ಡು. ಆ ಗಾಳಿಯನ್ನೂ ಗನ್ನಿನ ಕಂಪ್ರೆಸರಿನಿಂದ ನೇರ ತೆಗೆಯುವಂತಿಲ್ಲ, ಅದರಲ್ಲಿ ಎಣ್ಣೆಯ ಹಬೆಯಿರುತ್ತದೆ. ಎಂ-ಸ್ಯಾಂಡ್ ಹಾಕಿದರೆ ಸರಿಹೋದೀತೇ ಎಂದು ಕೇಳುವವರಿದ್ದಾರೆ. ನಮ್ಮ ಕ್ರಷರುಗಳು ಒಡೆಯುವ ಗ್ರಾನೈಟಿನಲ್ಲೂ ಬೆಣಚಿನ ಅಂಶ ಧಾರಾಳವಾಗಿದೆ. ಜೊತೆಗೆ ಎಂ-ಸ್ಯಾಂಡಿನಲ್ಲಿ ಸಣ್ಣ ಪುಡಿ ಮೊದಲೇ ಬೆರೆತಿರುತ್ತದೆ.

ಇನ್ನು ಕಿತ್ತುಬರುವ ಬಣ್ಣ. ಐವತ್ತು ವರ್ಷದ ಹಿಂದಿನ ಕೆಂಪು, ಹಳದಿ, ಕಿತ್ತಳೆ ಬಣ್ಣಗಳಲ್ಲಿ, ಕೆಳಗಿನ ಪ್ರೈಮರಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಬ್ಲಾಸ್ಟ್ ಮಾಡಿದಾಗ ಅದೂ ಪುಡಿಯಾಗಿ ಅಂಗಳದಲ್ಲಿ ಹರಡುತ್ತದೆ. ಕೋಳಿ ಕೆದಕುವ, ಮಕ್ಕಳು ಆಡುವ, ಪಕ್ಕದಲ್ಲೇ ಹುಲ್ಲಿನ ಬಣವೆಯಿರುವ ಜಾಗ ಅದು. ದನಗಳು ಹಳೇ ಬಣ್ಣದ ಚೂರು ನೆಕ್ಕಿ ಸೀಸದ ವಿಷವೇರಿ ಸಾಯುವುದು ಪಶುವೈದ್ಯರಿಗೆ ಹೊಸದಲ್ಲ.

ಹಾಗಾದರೆ ಕೆಲಸದವರ ಶೆಡ್ಡಿಗೆ ಕೊಡುವುದೇ? ದೊಡ್ಡ ಭಾಗಗಳ ಮಟ್ಟಿಗೆ ಹೌದು. ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಫೌಂಡ್ರಿ, ಫ್ಯಾಬ್ರಿಕೇಶನ್, ಪೌಡರ್ ಕೋಟಿಂಗಿನವರ ನಡುವೆ ಕೇಳುತ್ತ ಹೋದರೆ ದಾರಿ ಸಿಗುತ್ತದೆ. ಕೂಲಿ ಚದರಡಿ ಲೆಕ್ಕದಲ್ಲಿರಬಹುದು, ತೂಕದ ಲೆಕ್ಕದಲ್ಲಿರಬಹುದು, ಬರೀ ಕಣ್ಣಳತೆಯೂ ಇರಬಹುದು. ಫೌಂಡ್ರಿಗಳಲ್ಲಿರುವುದು ಉಕ್ಕಿನ ಗುಂಡುಗಳನ್ನು ಚಕ್ರದಿಂದ ಎರಚುವ ಶಾಟ್ ಬ್ಲಾಸ್ಟಿಂಗ್ ಯಂತ್ರ. ಫ್ರಂಟ್ ಆಕ್ಸಲ್, ಹಿಚ್ಚಿನ ತೋಳು, ಚಕ್ರದ ವೇಯ್ಟು, ನೇಗಿಲಿನ ಫ್ರೇಮಿಗೆ ಅದು ಹೇಳಿ ಮಾಡಿಸಿದ್ದು. ತೆಳು ತಗಡಿಗೆ ಮಾತ್ರ ಅದು ಯಮ.

ಅಂಗಡಿಯಾತನೊಂದಿಗೆ ಮಾತಾಡುವಾಗ ಯಾವ ದರ್ಜೆಗೆ ಮಾಡುತ್ತೀರಿ ಎಂದು ಕೇಳಿ. ಕಸುಬು ಬಲ್ಲವನಾದರೆ "ಎಸ್‌ಎ ಟೂ ಅಂಡ್ ಹಾಫ್" ಅನ್ನುತ್ತಾನೆ. ಸ್ವೀಡನ್ನಿನ ಮಾನದಂಡದಿಂದ ಬಂದು ಈಗ ಜಗತ್ತಿನೆಲ್ಲೆಡೆ ನಡೆಯುವ ಅಳತೆಗೋಲು ಅದು. ಲೋಹ ಹತ್ತಿರ ಹತ್ತಿರ ಬಿಳಿಯಾಗಿ, ತುಕ್ಕಿನ ಕುರುಹು ಬರೀ ತೆಳು ನೆರಳಾಗಿ ಉಳಿಯುವ ಹಂತ. ಟ್ರ್ಯಾಕ್ಟರಿಗೆ ಅಷ್ಟು ಧಾರಾಳ ಸಾಕು. ಅಂದೇ ಪ್ರೈಮರ್ ಹೊಡೆದು ಕೊಡುತ್ತಾರಾ ಎಂದೂ ಕೇಳಿ. ಬ್ಲಾಸ್ಟ್ ಮಾಡಿದ ಬೆತ್ತಲೆ ಕಬ್ಬಿಣವನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಮಳೆಯಲ್ಲಿ ನೂರು ಕಿಲೋಮೀಟರ್ ಬಂದರೆ ಕೊಟ್ಟ ಕೂಲಿ ದಾರಿಯಲ್ಲೇ ಕರಗಿರುತ್ತದೆ.

ಶೆಡ್ಡಿಗೆ ಕೊಡುವ ಮುನ್ನ ಮನೆಯಲ್ಲಿ ಆಗಬೇಕಾದ ಕೆಲಸವೇ ಹೆಚ್ಚು, ಮತ್ತು ಅದನ್ನು ನಿಮಗಿಂತ ಚೆನ್ನಾಗಿ ಬೇರೆ ಯಾರೂ ಮಾಡಲಾರರು. ಬ್ಲಾಸ್ಟಿಂಗ್ ಗ್ರೀಸು ತೆಗೆಯುವುದಿಲ್ಲ, ಗ್ರೀಸಿನ ಮೇಲೆ ಕಾಳು ಅಂಟಿ ಕೂರುತ್ತದೆ. ಮೊದಲು ಡೀಸೆಲ್ ಹಾಕಿ ಹೆರೆದು, ಬಿಸಿನೀರು ಮತ್ತು ವಾಷಿಂಗ್ ಸೋಡದಲ್ಲಿ ತೊಳೆದು, ವಾಟರ್ ಸರ್ವಿಸ್ ಮಾಡಿಸಿ. ಗೊಬ್ಬರ ಹೇರಿದ ಟ್ರ್ಯಾಕ್ಟರಾದರೆ ಈ ತೊಳೆಯುವಿಕೆ ಇನ್ನೂ ಮುಖ್ಯ. ನಾವು ಹೊಲಕ್ಕೆ ಹಾಕುವ ಪೊಟ್ಯಾಷ್ ಹೆಚ್ಚಾಗಿ ಕ್ಲೋರೈಡ್ ರೂಪದ್ದು. ಆ ಉಪ್ಪು ಗುಳಿಗಳಲ್ಲಿ ಉಳಿದರೆ ಹೊಸ ಬಣ್ಣದಡಿಯಲ್ಲೇ ತುಕ್ಕು ಮತ್ತೆ ಚಿಗುರುತ್ತದೆ.

ಬೇರಿಂಗು, ಆಯಿಲ್ ಸೀಲು, ಬುಷ್ಷು ಎಲ್ಲವನ್ನೂ ತೆಗೆದಿಡಿ. ಬೋಲ್ಟ್ ಕೂರುವ ತಿರುಪಿನ ತೂತುಗಳಿಗೆ ಹಳೇ ಬೋಲ್ಟ್ ಬಿಗಿಯಿರಿ, ದೊಡ್ಡ ತೂತುಗಳಿಗೆ ಮರದ ಬಿರಡೆ ಬಡಿಯಿರಿ, ಲೇತಿನಲ್ಲಿ ನಯಮಾಡಿದ ಮುಖಗಳಿಗೆ ದಪ್ಪ ಟೇಪು ಸುತ್ತಿ. ಡೀಸೆಲ್ ಪಂಪು, ಕ್ರ್ಯಾಂಕು, ಹೈಡ್ರಾಲಿಕ್ ಸಿಲಿಂಡರ್, ರೇಡಿಯೇಟರ್ ಕಡೆಗೆ ನಾಜಲ್ ತಿರುಗಿಸಲೇಬಾರದು. ಎಂಜಿನ್ ಬ್ಲಾಕನ್ನು ಕೊಡಲೇಬೇಕೆಂದಿದ್ದರೆ ಪೂರ್ತಿ ಬಿಚ್ಚಿ ಕೊಡಿ, ಬಂದ ಮೇಲೆ ಎಣ್ಣೆ ಓಡಾಡುವ ಸಂದುಗಳಿಗೆಲ್ಲ ಉದ್ದ ಬ್ರಷ್ಷು ಹಾಕಿ ಸೋಪುನೀರಿನಲ್ಲಿ ತೊಳೆಯಿರಿ. ಒಳಗುಳಿದ ಒಂದು ಚಿಟಿಕೆ ಗ್ರಿಟ್ಟು (ಬ್ಲಾಸ್ಟಿಂಗಿನ ಕಾಳು) ಹೊಸ ಬೇರಿಂಗುಗಳನ್ನು ತಿಂದುಹಾಕಲು ಸಾಕು. ನನ್ನನ್ನು ಕೇಳಿದರೆ, ಓಡುವ ಎಂಜಿನ್ನಿನ ಬ್ಲಾಕಿಗೆ ಬ್ಲಾಸ್ಟಿಂಗೇ ಬೇಡ.

ಚಾಸಿ ನಂಬರು, ಎಂಜಿನ್ ನಂಬರು ಕೊರೆದ ಜಾಗ ಮರೆಯುವವರೇ ಜಾಸ್ತಿ. ಒರಟು ಗ್ರಿಟ್ಟಿಗೆ ಹಳೇ ಅಕ್ಷರಗಳು ಮಸುಕಾಗುತ್ತವೆ, ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ ಪ್ರಿಂಟ್ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಮೊದಲೇ ಪೆನ್ಸಿಲ್ ಪ್ರಿಂಟ್ ತೆಗೆದು, ಫೋಟೊ ಹೊಡೆದು, ಎರಡು ಪದರ ಟೇಪು ಹಾಕಿ ಕಳಿಸಿ.

ಬಾನೆಟ್ಟು, ಮಡ್‌ಗಾರ್ಡು, ಗ್ರಿಲ್ಲುಗಳ ಕಥೆಯೇ ಬೇರೆ. ಒಂದು ಮಿಲಿಮೀಟರ್ ಆಸುಪಾಸಿನ ತಗಡಿಗೆ ಲಕ್ಷಾಂತರ ಕಾಳು ಬಡಿದರೆ ಆ ಬದಿ ಹಿಗ್ಗುತ್ತದೆ, ಇನ್ನೊಂದು ಬದಿ ಹಿಗ್ಗುವುದಿಲ್ಲ. ತಗಡು ಅಲೆಯಂತೆ ಸೊಟ್ಟಗಾಗುತ್ತದೆ. ಶಾಖದಿಂದ ಹೀಗಾಯಿತು ಎಂದು ಹಲವರು ತಿಳಿಯುತ್ತಾರೆ, ಆದರೆ ಇದು ಏಟಿನ ಪರಿಣಾಮ. ಒಮ್ಮೆ ಹಿಗ್ಗಿದ ಬಾನೆಟ್ಟನ್ನು ಟಿಂಕರಿಂಗಿನವನು ಎಷ್ಟು ತಟ್ಟಿದರೂ ಹಿಂದಿನ ಮೈಕಟ್ಟು ಬರುವುದಿಲ್ಲ. ಇವಕ್ಕೆ ಪೇಂಟ್ ರಿಮೂವರ್ ಮತ್ತು ತಾಳ್ಮೆ ಸಾಕು. ಪುಡಿಮಾಡಿದ ಅಡುಗೆ ಸೋಡವನ್ನೇ ಕಾಳಾಗಿ ಬಳಸುವ ಮೃದು ಬ್ಲಾಸ್ಟಿಂಗ್ ಒಂದಿದೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು 1980ರ ದಶಕದಲ್ಲಿ ದುರಸ್ತಿ ಮಾಡುವಾಗ ಒಳಗಿನ ತಾಮ್ರದ ಹಾಳೆಗೆ ಪೆಟ್ಟಾಗದಂತೆ ಟಾರು ತೆಗೆದದ್ದು ಹೀಗೆ. ಬಣ್ಣ ಬಿಡಿಸಲು ಅದು ಚೆಂದ, ತುಕ್ಕಿಗೆ ಕೈಲಾಗುವುದಿಲ್ಲ.

ಮನೆಯಲ್ಲೇ ಮಾಡುವ ಆಸೆ ಬಿಡಲಾಗದವರಿಗೆ ಜಾಗವಿದೆ, ಅದು ಚಿಕ್ಕ ಭಾಗಗಳಲ್ಲಿ. ಬೋಲ್ಟು, ಬ್ರ್ಯಾಕೆಟ್ಟು, ಲೈಟಿನ ರಿಮ್ಮು, ಲಿವರುಗಳಿಗೆ ಮುಚ್ಚಿದ ಪೆಟ್ಟಿಗೆಯ ಬ್ಲಾಸ್ಟಿಂಗ್ ಕ್ಯಾಬಿನೆಟ್ ಒಪ್ಪುತ್ತದೆ: ಎದುರಿಗೆ ಗಾಜು, ಕೈ ತೂರಿಸಲು ರಬ್ಬರ್ ಗ್ಲೌಸು, ದೂಳು ಎಳೆಯಲು ಫಿಲ್ಟರಿರುವ ವ್ಯಾಕ್ಯೂಮು. ಸಣ್ಣ ನಾಜಲ್ಲಿಗೆ ಸಣ್ಣ ಕಂಪ್ರೆಸರು ಹೇಗೋ ಉಸಿರು ಹಿಡಿಯುತ್ತದೆ. ಮರಳಿನ ಬದಲು ತಮಿಳುನಾಡು, ಒಡಿಶಾ ಕರಾವಳಿಯಲ್ಲಿ ಸಿಗುವ ಗಾರ್ನೆಟ್, ಇಲ್ಲವೇ ಅಲ್ಯೂಮಿನಿಯಂ ಆಕ್ಸೈಡ್ ಹಾಕಬೇಕು. ದುಬಾರಿ ನಿಜ, ಆದರೆ ಪೆಟ್ಟಿಗೆಯ ತಳದಲ್ಲಿ ಬಿದ್ದದ್ದನ್ನು ಜರಡಿ ಹಿಡಿದು ಮತ್ತೆ ಮತ್ತೆ ಬಳಸಬಹುದು.

ಗಾಳಿಯ ಗೊಡವೆಯೇ ಬೇಡ ಅನ್ನುವವರಿಗೆ ಡ್ರಮ್ಮಿನ ದಾರಿ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರಿಗೆ ವಾಷಿಂಗ್ ಸೋಡ ಕದಡಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ತುಕ್ಕಿನ ಭಾಗಕ್ಕೆ, ಪ್ಲಸ್ ತಂತಿಯನ್ನು ಗುಜರಿ ಕಬ್ಬಿಣದ ತುಂಡಿಗೆ ಕೊಟ್ಟು ರಾತ್ರಿಯಿಡೀ ಬಿಟ್ಟರೆ ತುಕ್ಕು ಸಡಿಲವಾಗಿ ಬ್ರಷ್ಷಿಗೆ ಬರುತ್ತದೆ. ಪ್ಲಸ್ಸಿಗೆ ಸ್ಟೀಲಿನ ಪಾತ್ರೆ, ಚಮಚ ಬಳಸಬೇಡಿ, ಅದರೊಳಗಿನ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಇಡಬೇಕು, ಬೀಡಿ ಹಚ್ಚುವವರನ್ನು ದೂರವಿಡಬೇಕು. ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಕಲಸಿ ಭಾಗಗಳನ್ನು ಎರಡು ಮೂರು ವಾರ ನೆನೆಹಾಕುವುದೂ ಹಳೇ ವಾಹನ ಪ್ರಿಯರಲ್ಲಿ ದೇಶವಿದೇಶಗಳಲ್ಲಿ ನಡೆದುಬಂದ ಉಪಾಯ. ಸಕ್ಕರೆ ಕಾರ್ಖಾನೆಗಳ ನಾಡಾದ ಮಂಡ್ಯ, ಬೆಳಗಾವಿಯಲ್ಲಿ ಅದು ಸುಲಭಕ್ಕೆ ಸಿಕ್ಕೀತು ಅನಿಸಬಹುದು. ಆದರೆ ಕಾಕಂಬಿ ಅಬಕಾರಿ ಇಲಾಖೆಯ ಹಿಡಿತದಲ್ಲಿರುವ ಸರಕು, ಡ್ರಮ್ಮುಗಟ್ಟಲೆ ತಂದಿಡುವ ಮುನ್ನ ವಿಚಾರಿಸಿ. ವಾಸನೆಯ ಬಗ್ಗೆ ಮನೆಯವರನ್ನೂ.

ಕೊನೆಗೆ ಶೆಡ್ಡಿನ ವಿಷಯಕ್ಕೇ ಬರುತ್ತೇನೆ. ಕೆಲಸ ಹೊರಗೆ ಕೊಟ್ಟಾಕ್ಷಣ ದೂಳು ಮಾಯವಾಗುವುದಿಲ್ಲ, ನಿಮ್ಮ ಎದೆಯ ಬದಲು ಇನ್ನೊಬ್ಬರ ಎದೆಗೆ ಹೋಗುತ್ತದೆ. ಆ ಇನ್ನೊಬ್ಬ ದೂರದ ಊರಿಂದ ದಿನಗೂಲಿಗೆ ಬಂದವನಿರಬಹುದು, ನಾಳೆ ಅವನಿಗೆ ಉಬ್ಬಸ ಶುರುವಾದರೆ ಅದು ನಿಮ್ಮ ರಿಮ್ಮಿನಿಂದ ಬಂತೋ ಇನ್ಯಾರದೋ ಗೇಟಿನಿಂದ ಬಂತೋ ಯಾರೂ ಲೆಕ್ಕ ಹಾಕುವುದಿಲ್ಲ. ಆದ್ದರಿಂದ ರೇಟು ಕೇಳುವ ಮೊದಲು ಒಳಗೆ ಹೋಗಿ ನೋಡಿ. ಹಾಪರಿಗೆ ಸುರಿಯುತ್ತಿರುವುದು ಏನು, ನಾಜಲ್ ಹಿಡಿದವನ ತಲೆಗೆ ಗಾಳಿ ಪೈಪಿನ ಹುಡ್ಡು ಇದೆಯೇ, ಕೆಲಸ ಮುಚ್ಚಿದ ಕೋಣೆಯಲ್ಲಿ ನಡೆಯುತ್ತಿದೆಯೇ? ಗಾರ್ನೆಟ್ಟೋ ಗ್ರಿಟ್ಟೋ ಇದ್ದು ಹುಡ್ಡೂ ಇದ್ದರೆ ಕೇಳಿದ್ದಕ್ಕಿಂತ ನಾಲ್ಕು ಕಾಸು ಹೆಚ್ಚೇ ಕೊಡಿ. ಹೊಳೆಮರಳೂ ಟವೆಲ್ಲೂ ಕಂಡರೆ ಸಾಮಾನನ್ನು ವಾಪಸ್ ಗಾಡಿಗೆ ಹೇರಿಕೊಂಡು ಬನ್ನಿ. ವೈರ್ ಬ್ರಷ್ಷಿನಲ್ಲಿ ತಿಕ್ಕಿ ರೆಡ್ ಆಕ್ಸೈಡ್ ಬಳಿದ ಟ್ರ್ಯಾಕ್ಟರೂ ಉಳುತ್ತದೆ.